ಶೋಕೇಸಿನ ಬಿಳಿ ಶಾಲು

ಪ್ರೀತಿಯ ಭೋಜಣ್ಣ,

ನೀವಿದ್ದಾಗ ಎಲ್ಲವನ್ನೂ ಫೋನಿನಲ್ಲೇ ಮುಗಿಸುತ್ತಿದ್ದವನು ಈಗ ಕಾಗದ ಬರೆಯುತ್ತಿದ್ದೇನೆ. ಉತ್ತರ ಬರುವುದಿಲ್ಲ ಎಂಬ ಧೈರ್ಯವೂ ಇರಬಹುದು. ಕುವೈತಿನ ಹವಲ್ಲಿಯ ಅದೇ ಫ್ಲ್ಯಾಟು. ಕಿಟಕಿಗೆ ಗಾಜಿಲ್ಲ, ಇನ್ನೂ ಉರಿಯುತ್ತಿರುವ ತೈಲಬಾವಿಗಳ ಹೊಗೆಯಿಂದಾಗಿ ಮಧ್ಯಾಹ್ನವೂ ಲೈಟು ಬೇಕು.

ಕಳೆದ ವರ್ಷದ ಈದ್ ರಜೆ ನೆನಪಿದೆಯಲ್ಲ? ಶುಐಬಾದ ಕಾರ್ಖಾನೆಯಲ್ಲಿ ಚಿಮಣಿಯ ಏಣಿ ಬಿಟ್ಟು ಬೇರೆ ಎತ್ತರ ಹತ್ತದ ನಿಮಗೆ ಎವರೆಸ್ಟನ್ನು ಒಮ್ಮೆ ಕಣ್ಣಾರೆ ಕಾಣುವ ಆಸೆ. "ಹತ್ತುದು ಬೇಡ ಮಾರಾಯ, ದೂರದಿಂದ ಒಂದು ನಮಸ್ಕಾರ ಸಾಕು" ಎಂದು ನನ್ನನ್ನೂ ನೇಪಾಳಕ್ಕೆ ಎಳೆದಿರಿ. ಕೆಲವೇ ದಿನಗಳ ನಡಿಗೆ, ಅಜ್ಜಂದಿರೂ ಮಾಡುವಂಥದ್ದು. ಶೆರ್ಪಾ ಊರುಗಳಲ್ಲಿ ಮಂತ್ರ ಕೆತ್ತಿದ ಕಲ್ಲುಗೋಡೆ ಸಿಕ್ಕಾಗಲೆಲ್ಲ ನೀವು ಅವರಂತೆಯೇ ಅದನ್ನು ಬಲಕ್ಕಿಟ್ಟುಕೊಂಡು ಸುತ್ತಿ ನಡೆದಿರಿ. ನಾನು ಹತ್ತಿರದ ದಾರಿ ಹುಡುಕಿದೆ.

ನಾಮ್ಚೆ ಎಂಬ ಊರಿನ ಮೇಲಿನ ಆ ಏರು. ಎವರೆಸ್ಟ್ ಕಾಣುವ ದಿಬ್ಬಕ್ಕೆ ಇನ್ನು ಅರ್ಧ ಗಂಟೆ ಎಂದ ನಮ್ಮ ಗೈಡ್ ಪಾಸಾಂಗ್. ನಾನು ಉಸಿರು ಸಾಲದೆ ಕೂತೆ. ಉಸಿರು ಮರಳಿದ ಮೇಲೂ ಹೆದರಿಕೆ ಹೋಗಲಿಲ್ಲ. "ಇವರ ಜೊತೆ ನಾನಿರುತ್ತೇನೆ, ನೀವು ನೋಡಿ ಬನ್ನಿ" ಎಂದು ಅವನು ಹಿಂದಿಯಲ್ಲಿ ಹೇಳಿದ. ನೀವು ಎರಡು ಹೆಜ್ಜೆ ಹೊರಟಿರಿ ಕೂಡ. ನಾನು ನಿಮ್ಮ ತೋಳು ಹಿಡಿದುಕೊಂಡೆ. ನಲವತ್ತೈದರ ಗಂಡಸು, ಅತ್ತುಬಿಟ್ಟೆ. "ಅಳ್ಬೇಡ ಮಾರಾಯ, ಎವರೆಸ್ಟ್ ಎಲ್ಲಿಗೂ ಓಡಿ ಹೋಗುದಿಲ್ಲ" ಎಂದು ನನ್ನ ಚೀಲವನ್ನೂ ಹೊತ್ತು ಇಳಿದಿರಿ. ಅದು ಓಡಿ ಹೋಗಲಿಲ್ಲ, ಭೋಜಣ್ಣ. ನೀವು...

ಹೊರಡುವ ಬೆಳಿಗ್ಗೆ ಲಾಡ್ಜಿನ ಶೆರ್ಪಾ ಅಮ್ಮ ಇಬ್ಬರ ಕೊರಳಿಗೂ ಬಿಳಿ ಶಾಲು ಹಾಕಿದಳು. ಹೊರಟ ಅತಿಥಿ ಕ್ಷೇಮವಾಗಿ ಮನೆ ಮುಟ್ಟಲೆಂದು ಅವರು ಎಲ್ಲರಿಗೂ ಹಾಕುವ ಶಾಲು. ನೀವು ನಿಮ್ಮದನ್ನು ತೂಗುಸೇತುವೆಗೆ, ಅಲ್ಲಿಯವರು ಕಟ್ಟಿದ್ದ ಶಾಲುಗಳ ನಡುವೆ ಕಟ್ಟಿದಿರಿ. "ಇವನು ಆಚೆ ಮುಟ್ಲಿ ಅಂತ ಒಂದು ಹರಕೆ" ಎಂದು ನಕ್ಕಿರಿ. ನಾನು ನನ್ನದನ್ನು ತಂದು ಶೋಕೇಸಿನಲ್ಲಿ ತೂಗುಹಾಕಿದೆ.

ಇಲ್ಲಿರುವ ನಮ್ಮ ಊರಿನವರೆಲ್ಲ ನನ್ನಲ್ಲಿ ಊಟಕ್ಕೆ ಸೇರಿದ ಶುಕ್ರವಾರ. "ಇದೆಂತದು?" ಎಂದು ಅಬು ಹಲೀಫಾದಲ್ಲಿರುವ ಇಬ್ರಾಹಿಂ ಕೇಳಿದ. ತುದಿಯ ದಿಬ್ಬ ಮುಟ್ಟಿದವರಿಗೆ ಹಾಕುವುದು ಎಂದೆ. "ಹಾಗಾದ್ರೆ ಭೋಜಣ್ಣಂದು ಎಲ್ಲಿ?" ಆಗಲಾದರೂ ಸತ್ಯ ಹೇಳಬಹುದಿತ್ತು. ಆದರೆ ಪ್ರಾಸ ಸಿಕ್ಕಿಬಿಟ್ಟಿತು:

ಎವರೆಸ್ಟ್ ನೋಡ ಹೊರಟ ಭೋಜಣ್ಣ,
ಅರ್ಧಕ್ಕೇ "ಅಮ್ಮಾ" ಎಂದಣ್ಣ!

ಎಲ್ಲರೂ ನಕ್ಕರು. ನೀವು ತಟ್ಟೆಯಿಂದ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿ, ನೀವೂ ನಕ್ಕಿರಿ. ಆ ನೋಟದಲ್ಲಿ ಸಿಟ್ಟಿದ್ದರೆ ನನಗೆ ಸುಲಭವಿತ್ತು.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಬಾಗ್ದಾದ್ ದಾಟಿ ಅಮ್ಮಾನಿಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲೇ ಇದ್ದಿರಿ; ಖುಬೂಸ್ ರೊಟ್ಟಿ ಮುರಿದು ದೊಡ್ಡ ತುಂಡು ನನಗೆ ಕೊಟ್ಟಿರಿ. ತಿಂದೆ, ಹೇಳಲಿಲ್ಲ. ಊರು ಸೇರಿ ಕೆಲವೇ ತಿಂಗಳಿಗೆ, ನಿಮ್ಮ ಎದೆಬಡಿತ ನಿಂತಿತೆಂದು ತಂತಿ ಬಂತು. ಕ್ಷಮೆ ಕೇಳುವುದನ್ನು ಯಾವ ರಜೆಗೆಂದು ಎತ್ತಿಟ್ಟಿದ್ದೆನೋ?

ಯುದ್ಧ ಮುಗಿದು ಈಗ ಮರಳಿ ಬಂದಾಗ ಟಿವಿ ಇಲ್ಲ, ಫ್ರಿಜ್ ಇಲ್ಲ, ಶೋಕೇಸಿಗೆ ಬಾಗಿಲೂ ಇಲ್ಲ. ಶಾಲು ಮಾತ್ರ ನೆಲದಲ್ಲಿತ್ತು. ಕಳ್ಳರಿಗೂ ಬೇಡವಾಯಿತು.

ಕಳೆದ ಶುಕ್ರವಾರ ಇಬ್ರಾಹಿಮನ ಮನೆಯಲ್ಲಿ, ಮರಳಿ ಬಂದ ನಾಲ್ಕು ಜನರೆದುರು ಎಲ್ಲವನ್ನೂ ಹೇಳಿದೆ. ಅವನು ನನ್ನ ಬೆನ್ನು ತಟ್ಟಿದ! "ಸತ್ತವರ ಮರ್ಯಾದಿಗೆ ನೀನು ಸುಳ್ಳು ಹೇಳುದಾ? ದೊಡ್ಡ ಮನಸ್ಸು ಮಾರಾಯ ನಿಂದು. ಅವತ್ತೇ ಊಟ ಮುಗ್ಸಿ ಇಳಿವಾಗ ಮೆಟ್ಲಲ್ಲಿ ಭೋಜಣ್ಣನ ಹತ್ರ ಕೇಳಿದ್ದೆ. 'ಹೌದು, ನಂಗೇ ಆಗ್ಲಿಲ್ಲ, ಹತ್ತಿದ್ದು ಅವ್ನೇ' ಅಂದಿದ್ರು. ಖಲಾಸ್!"

ನೋಡಿ ನೀವು ಮಾಡಿಟ್ಟು ಹೋದ ಕೆಲಸ. ನಿಜ ಹೇಳಿದ್ದಕ್ಕೆ ನನಗೆ ಇನ್ನೊಂದು ಸಲ ಹೊಗಳಿಕೆ. ಅಲ್ಲಿ ಕೂತಿರುವುದು ಹೇಗೆ, ಹೇಳಿ?

ನಿಮ್ಮನ್ನು ಬಲ್ಲ ಅತ್ತಿಗೆಯಾದರೂ ನಂಬಿಯಾರು. ಶಾಲನ್ನು ಹೊಗೆಯ ಮಸಿಯೊಂದಿಗೇ ಮಡಚಿಟ್ಟಿದ್ದೇನೆ. ಅಂಚೆಯಲ್ಲಿ ಕಳಿಸಿ ತಪ್ಪಿಸಿಕೊಳ್ಳುವುದಿಲ್ಲ. ಮುಂದಿನ ರಜೆಯಲ್ಲಿ ಊರಿಗೆ ಹೋಗಿ ನಾನೇ ಅವರ ಕೈಯಲ್ಲಿ ಕೊಟ್ಟು, ಎದುರು ನಿಂತು ಹೇಳುತ್ತೇನೆ. ಹೊಸ ಪ್ರಾಸವೂ ಇದೆ. ಇದಕ್ಕೆ ಯಾರೂ ನಗಲಾರರು:

ಅರ್ಧ ಗಂಟೆ ಉಳಿದಿತ್ತಣ್ಣ,
ನನಗಾಗಿ ಇಳಿದ ಭೋಜಣ್ಣ.