‘ದೇ’ ಅಲ್ಲ, ‘ಹೀ’

೧೪ ಮಾರ್ಚ್ ೧೯೯೬, ಗುರುವಾರ
ಬ್ಯಾಡಗಿ

ಇಂಗ್ಲಿಷ್ ಪರೀಕ್ಷೆಯ ಪ್ರಬಂಧಕ್ಕೆ ಆರರಲ್ಲಿ ಮೂರೇ ಬಂದಿದೆ. ನಾಲ್ಕು ಬಂದಿದ್ದರೆ ಹೊರದೇಶದ ನರ್ಸ್ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಸ್ಪೆಲ್ಲಿಂಗ್ ತಪ್ಪಿಗೆ ಕಳೆದಿರಬೇಕು ಅಂದುಕೊಂಡಿದ್ದೆ.

ಪರೀಕ್ಷೆಯಲ್ಲಿ ಬರೆದದ್ದನ್ನೇ ನೆನಪಿನಿಂದ ಮತ್ತೆ ಬರೆದು, ಡ್ಯೂಟಿ ಮುಗಿಸಿ ರಾಣೆಬೆನ್ನೂರಿಗೆ ಹೋಗಿ, ಇಂಗ್ಲಿಷ್ ಕಲಿಸುವ ಬಣಕಾರ ಮಾಸ್ತರರಿಗೆ ತೋರಿಸಿದೆ. ನಿಮ್ಮ ಬದುಕು ಬದಲಿಸಿದ ಒಬ್ಬ ವ್ಯಕ್ತಿಯ ಬಗ್ಗೆ ಬರೆಯಿರಿ ಎಂಬುದು ಪ್ರಶ್ನೆ. ನಾನು ನಮ್ಮ ಮನೆಯವರ ಬಗ್ಗೆ ಬರೆದಿದ್ದೆ. ಮದುವೆಯಾದ ಮೇಲೆ ನನ್ನನ್ನು ನರ್ಸಿಂಗ್ ಓದಿಸಿದವರು ಅವರೇ.

ಮಾಸ್ತರರು ಎರಡು ಸಲ ಓದಿದರು.

“ತಪ್ಪು ಎಣಿಸಿ ಅಂಕ ಕಳಿಯೂದಿಲ್ಲ ತಂಗಿ. ಕೇಳಿದ್ದಕ್ಕ ಉತ್ತರ ಐತೇನು, ಓದಾವ್ರಿಗೆ ತಿಳಿತೈತೇನು ಅಂತ ಮೊದಲ ನೋಡ್ತಾರ. ಒಬ್ಬರ ಬಗ್ಗೆ ಬರಿ ಅಂದ್ರ ಎಲ್ಲಾ ಕಡೆ ‘ದೇ’ ಅಂತ ಬರದೀದಿ. ಎಷ್ಟು ಮಂದಿ ಅಂತ ತಿಳಕೋಬೇಕು? ಹೆಸರೂ ಇಲ್ಲ.”

“ಗಂಡನ ಹೆಸರು ಹೆಂಗ ಬರೀಲಿರಿ? ‘ಹೀ’ ಅಂದ್ರ ‘ಅವನು’ ಅಂದಂಗ ಆಗ್ತೈತಿ.”

“ಒಬ್ಬರಿಗೆ ‘ಅವರು’ ಅನ್ನಾಕ ಇಂಗ್ಲಿಷಿನ್ಯಾಗ ಬ್ಯಾರೆ ಶಬ್ದ ಇಲ್ಲ” ಎಂದರು.

ಬಸ್ಸಿನಲ್ಲಿ ಏನೂ ಅನ್ನಿಸಲಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟೆ, ಉಂಡೆ, ತಿದ್ದಲು ಕುಳಿತೆ. ನಮ್ಮ ಮನೆಯವರು ಹೋಗಿ ಮೂರು ವರ್ಷ. ಆ ಹೆಸರನ್ನು ನಾನು ಬಾಯಲ್ಲಿ ಅಂದವಳಲ್ಲ, ಕೈಯಲ್ಲಿ ಬರೆದವಳೂ ಅಲ್ಲ. ಮರಣದ ದಾಖಲೆಯ ಅರ್ಜಿಯಲ್ಲೂ ಮೈದುನನೇ ಬರೆದಿದ್ದ.

ಹೊಳಿಯಪ್ಪ ವಾಸ್ ಮೈ ಹಸ್ಬೆಂಡ್. ಹೀ ಡೈಡ್.

ಎರಡೂ ವಾಕ್ಯದಲ್ಲಿ ತಪ್ಪಿಲ್ಲ. ಓದಿದವರಿಗೆ ಈಗ ತಿಳಿಯುತ್ತದೆ, ಸತ್ತದ್ದು ಒಬ್ಬನೇ ಅಂತ.