ಚಾಲೂ ಇದ್ದ ಸ್ವಿಚ್

ರವಿವಾರ, ಮೇ ೧೧. ಮೈಲೂರ

ಅಕ್ಷರ ನೆಟ್ಟಗೆ ಮೂಡುತ್ತಿಲ್ಲ.

ಭಾಲ್ಕಿಯಿಂದ ತಂದ ಗರಗಸದ ಮಿಷಿನ್ನನ್ನು ಇವತ್ತು ಹಿಂದಿನ ಶೆಡ್ಡಿನಲ್ಲಿ ಕೂಡಿಸಿದೆ. ಮೇಜಿನ ನಡುವಿನಿಂದ ಹಲ್ಲಿನ ಚಕ್ರ ಅರ್ಧ ಮೇಲೆದ್ದು ನಿಂತಿರುತ್ತದೆ. ಅದರ ಮುಚ್ಚಳವನ್ನು ನಾಳೆ ಹಾಕಿದರಾಯಿತು ಅಂದುಕೊಂಡೆ. ಮೊದಲ ಹಲಗೆ ಕೊಯ್ಯುತ್ತಿದ್ದಾಗಲೇ ಕರೆಂಟ್ ಹೋಯಿತು. ಹಲಗೆ ತೆಗೆದಿಟ್ಟು ನೀರು ಕುಡಿಯಲು ಒಳಗೆ ಬಂದೆ. ಸ್ವಿಚ್ ಆರಿಸಲಿಲ್ಲ. ಕರೆಂಟ್ ಹೋದಾಗ ನಮ್ಮ ಮನೆಯಲ್ಲಿ ಯಾರೂ ಸ್ವಿಚ್ ಆರಿಸುವುದಿಲ್ಲ. ಬಂದದ್ದು ಗೊತ್ತಾಗಬೇಕಲ್ಲ, ಅವ್ವ ಹಾಕಿಕೊಟ್ಟ ರೂಢಿ.

ಕರೆಂಟ್ ಬಂತು. ಶೆಡ್ಡಿನಲ್ಲಿ ಮಿಷಿನ್ ತಾನಾಗಿಯೇ ಚೀರಿತು. ನೋಡಿದರೆ ಅವ್ವ ಅಡುಗೆಮನೆಯಲ್ಲಿ ಇಲ್ಲ.

ಓಡಿದೆ. ಅವ್ವ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಮೇಜಿನ ಮೇಲಿನ ಹೊಟ್ಟು ಒರೆಸಲು ತಂದಿದ್ದ ಅರಿವೆ ಚಕ್ರಕ್ಕೆ ಸಿಕ್ಕು ಚಿಂದಿಯಾಗಿತ್ತು. ಸ್ವಿಚ್ ಆರಿಸಿ, ಅವಳ ಕೈ ಹಿಡಿದು ಬೆರಳು ಎಣಿಸಿದೆ. ಮತ್ತೆ ಎಣಿಸಿದೆ.

"ಎಲ್ಲಾ ಬೆರಳು ಅವ ಬಿಡೋ. ಹೊಟ್ಟು ಮೂಗಿಗಿ ಹೋಗಿ ಸೀನು ಬಂತು, ಅರಿವಿ ಅಲ್ಲೇ ಬಿಟ್ಟು ಸೆರಗ ಹಿಡದಿದ್ದೆ. ನೀ ಯಾಕ ಹಿಂಗ ಅಂಜ್ತಿ?"

ಸೀನು ಬರದೇ ಇದ್ದಿದ್ದರೆ. ಅದರಾಚೆ ಬರೆಯಲು ಆಗುತ್ತಿಲ್ಲ.

ಈಗ ಮತ್ತೆ ಕರೆಂಟ್ ಹೋಯಿತು. ಮೊಬೈಲ್ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಪಡಸಾಲೆಯ ಕತ್ತಲಿನಿಂದ ಅವ್ವನ ದನಿ: "ಕಪಿಲ, ಸ್ವಿಚ್ ಚಾಲೂನೇ ಇರ್ಲಿ. ಬಂದಿದ್ದು ಗೊತ್ತಾಗ್ತದ."

ಮಿಷಿನ್ನಿನ ಪ್ಲಗ್ ಕಿತ್ತಿಟ್ಟಿದ್ದೇನೆ. ಕಿತ್ತಿದ್ದೇನೆಂದು ಗೊತ್ತು, ಎರಡು ಸಲ ಹೋಗಿ ನೋಡಿಯೂ ಬಂದಿದ್ದೇನೆ. ಆದರೂ ಇನ್ನೊಂದು ಸಲ ನೋಡಿ ಬರುತ್ತೇನೆ.