ಪ್ರಾರ್ಥನೆ ಎಣಿಸಿದವಳು ನಾನು

ಉರ್ವ, ಮಂಗಳೂರು
9 ನವೆಂಬರ್ 2025

ಪ್ರೀತಿಯ ಮೆಲಿಸಾ,

ಹೇಗಿದ್ದಿ? ಮೈಸೂರಿನ ಚಳಿಗೆ ಉಬ್ಬಸ ಜೋರಾಗಿರಬಹುದು, ಇನ್‌ಹೇಲರ್ ಮರೆಯಬೇಡ. ನನಗೇನೂ ತೊಂದರೆಯಿಲ್ಲ, ಆಸ್ಪತ್ರೆಯ ಡ್ಯೂಟಿಯಲ್ಲಿ ನಿಂತು ನಿಂತು ಕಾಲು ನೋಯುತ್ತದೆ ಅಷ್ಟೆ. ನನ್ನ ನಂಬರ್ ಬ್ಲಾಕ್ ಮಾಡಿದ್ದಿಯಲ್ಲ, ಅದಕ್ಕೇ ಈ ಸ್ಪೀಡ್ ಪೋಸ್ಟ್. ನಾವು ಜಗಳವಾಡಿದ್ದೆಲ್ಲ ಕೊಂಕಣಿಯಲ್ಲಿ. ಆದರೆ ನೀನು ಕಾದಂಬರಿ ಬರೆದದ್ದು ಕನ್ನಡದಲ್ಲಿ, ಉತ್ತರವೂ ಕನ್ನಡದಲ್ಲೇ ಇರಲಿ.

ಪುಸ್ತಕವನ್ನು ನೀನು ಕಳಿಸಲಿಲ್ಲ, ಪಕ್ಕದ ಮನೆಯ ಲಿಲ್ಲಿ ಟೀಚರ್ ತಂದುಕೊಟ್ಟರು. ಐದು ಕೊಲೆ ಮಾಡಿದವನ ಮನೆಯೊಳಗಿನ ಕಥೆ, ಮೊದಲ ಕಾದಂಬರಿಯೆಂದರೆ ನಂಬಲಾಗುವುದಿಲ್ಲ ಎಂದು ಹೊಗಳಿದ್ದೇ ಹೊಗಳಿದ್ದು. ಅದು ನಮ್ಮ ಪಪ್ಪನ ಕಥೆಯೆಂದು ಅವರಿಗೂ ಗೊತ್ತು. ಒಂದೇ ದಿನದಲ್ಲಿ ಓದಿ ಮುಗಿಸಿದೆ. ಚೆನ್ನಾಗಿ ಬರೆದಿದ್ದಿ. ಹೊಟ್ಟೆಕಿಚ್ಚಿನಿಂದ ನನಗೆ ಅನ್ನ ಇಳಿಯಲಿಲ್ಲ, ಅಷ್ಟು ಚೆನ್ನಾಗಿ.

ಆದರೆ ಆ ಮನೆಯಲ್ಲಿ ಒಬ್ಬಳೇ ಮಗಳು. ನಾನೆಲ್ಲಿ ಹೋದೆ ಮಾರಾಯ್ತಿ? ಸಂಜೆಯ ತೇರ್ಸಿನ ಪ್ರಾರ್ಥನೆಯಲ್ಲಿ ಜಪಮಾಲೆ ಮುಗಿದ ಮೇಲೆ ಪಪ್ಪ ನಮ್ಮ ಸತ್ತವರಿಗಾಗಿ ಒಂದೊಂದು ‘ಆಮ್ಚ್ಯಾ ಬಾಪಾ’ ಹೇಳಿಸುತ್ತಿದ್ದರು. ಅಜ್ಜನಿಗೊಂದು, ಅಜ್ಜಿಗೊಂದು, ಮಮ್ಮಿಗೊಂದು. ಆಮೇಲೆ ಯಾರೂ ಇಲ್ಲದ ಆತ್ಮಕ್ಕೆ ಎಂದು ಇನ್ನೊಂದು ಸೇರಿತು. ಮಳೆಗಾಲದಲ್ಲಿ ಅದು ಎರಡಾಯಿತು, ಕ್ರಿಸ್ಮಸ್ ಹೊತ್ತಿಗೆ ನಾಲ್ಕು. ಐದನೆಯದು ಸೇರಿದ ಮರುದಿನ ಬೈಕಂಪಾಡಿಯ ಗೋದಾಮಿನ ಹಿಂದೆ ಹೆಂಗಸಿನ ಹೆಣ ಸಿಕ್ಕಿತು. ಅದನ್ನೆಲ್ಲ ಎಣಿಸಿದವಳು ನಾನು. ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಿ. ಉರ್ವ ಮಾರ್ಕೆಟಿನ ಕಾಯಿನ್ ಬಾಕ್ಸಿನಿಂದ ಹೆಸರು ಹೇಳದೆ ಪೊಲೀಸರಿಗೆ ಫೋನ್ ಮಾಡಿದವಳೂ ನಾನೇ, ನಿನಗೊಬ್ಬಳಿಗೆ ಹೇಳಿದ್ದೆ. ಜೀವಮಾನದಲ್ಲಿ ನಾನು ತೋರಿಸಿದ ಒಂದೇ ಒಂದು ಧೈರ್ಯ, ಅದನ್ನೂ ಕಾದಂಬರಿಯಲ್ಲಿ ನೀನು ನಿನ್ನದು ಮಾಡಿಕೊಂಡೆ. ಪುಸ್ತಕದ ಹಿಂಬದಿಯ ಫೋಟೋಕ್ಕೆ ನನ್ನ ನೀಲಿ ಸೀರೆ ಬೇರೆ ಉಟ್ಟಿದ್ದಿ.

ಶುಕ್ರವಾರ ಜೈಲಿಗೆ ಹೋಗಿದ್ದೆ. ಹನ್ನೆರಡು ವರ್ಷದಿಂದ ತಿಂಗಳು ತಿಂಗಳು ಬಿಸ್ಕಿಟ್ ಹೊತ್ತುಕೊಂಡು ಹೋಗುವವಳು ನಾನೇ ತಾನೆ. ಪಪ್ಪ ನಿನ್ನ ಪುಸ್ತಕವನ್ನು ಎರಡು ಸಲ ಓದಿದ್ದಾರೆ. ತನ್ನನ್ನು ಹಿಡಿದುಕೊಟ್ಟದ್ದು ಯಾರೆಂದು ಈಗ ತಿಳಿಯಿತಂತೆ. ಸಿಟ್ಟಿಲ್ಲವಂತೆ, “ಮೆಲಿಸಾಗೆ ನನ್ನದೇ ಗುಂಡಿಗೆ” ಎಂದು ಹೆಮ್ಮೆಪಟ್ಟರು. ಅಂಥವರ ಮೆಚ್ಚುಗೆಗೂ ನನಗೆ ಹೊಟ್ಟೆ ಉರಿಯಿತು ನೋಡು. ತಡೆಯಲಾರದೆ, ಫೋನ್ ಮಾಡಿದ್ದು ನಾನು ಎಂದುಬಿಟ್ಟೆ. ಪಪ್ಪ ನಕ್ಕರು. “ನಿನಗೆಲ್ಲಿ ಉಂಟು ಅಷ್ಟು ಧೈರ್ಯ, ಒಲಿಂಡಾ? ಜಿರಳೆಗೆ ಹೆದರುವವಳು ನೀನು” ಎಂದರು.

ಮದ್ದು ಬಿಡಬೇಡ. ದೇವರು ನಿನ್ನನ್ನು ಕಾಯಲಿ; ನಿನ್ನ ಪುಸ್ತಕವನ್ನು ಅಷ್ಟೊಂದು ಕಾಯುವುದು ಬೇಡ.

ಕಾದಂಬರಿಯಲ್ಲಿಲ್ಲದ ನಿನ್ನ ಅಕ್ಕ,
ಒಲಿಂಡಾ

ಮರೆತೆ: ಪಪ್ಪನಿಗೆ ಪೆರೋಲ್ ಸಿಕ್ಕಿದೆ, ಬರುವ ಶನಿವಾರ ಹೊರಗೆ ಬರುತ್ತಾರೆ. ನಿನ್ನ ವಿಳಾಸ ಕೇಳಿದರು, ಕೊಡಲಿಲ್ಲ. ಆದರೆ ಲೇಖಕಿಯ ವಿಳಾಸವೆಂದು ನೀನೇ ಮನೆ ನಂಬರ್ ಸಮೇತ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದಿ. ಸಿಟ್ಟಿಲ್ಲ ಎಂಬ ಮಾತನ್ನು ಕೋರ್ಟಿನಲ್ಲಿ ಆ ಐದು ಹೆಂಗಸರ ಬಗ್ಗೆಯೂ ಹೇಳಿದ್ದರು. ಈ ಕಾಗದ ಸಿಕ್ಕಿದ ದಿನವೇ ಮನೆ ಬಿಟ್ಟು ಹೋಗು. ಹೋಗುವ ಮೊದಲು ಪಪ್ಪನಿಗೆ ಒಂದು ಸಾಲು ಬರೆ, ಫೋನ್ ಮಾಡಿದ್ದು ಒಲಿಂಡಾ ಎಂದು. ನೀನು ಹೇಳಿದರೆ ನಂಬುತ್ತಾರೆ. ಹುಡುಕಿಕೊಂಡು ಬರುವುದಾದರೆ ನನ್ನ ಹತ್ತಿರವೇ ಬರಲಿ.